ನಗು ಯಾರ ಮೇಲೆ ಬೀಳುತ್ತದೆ?



ಹರಿಯಬ್ಬೆಯ ಸಂಘದವರು ಈ ಸಭೆಗೆ ನನ್ನನ್ನು ಕರೆಯಲು ಬಂದಾಗ ಅವರ ಮನೆಯದೇ ಪ್ರಶ್ನೆಯೊಂದನ್ನು ಮುಂದಿಟ್ಟರು. ಮನೆಮಂದಿಯೆಲ್ಲ ಕೂತು ನೋಡುವ ಹಾಸ್ಯ ಧಾರಾವಾಹಿ ಮಕ್ಕಳು ನೋಡುವಂಥದ್ದೋ ಅಲ್ಲವೋ ಅಂತ ತೀರ್ಮಾನ ಮಾಡುವುದು ಹೇಗೆ? ಹೊಡಿ ಬಡಿ ಸಿನಿಮಾ ಬಂದರೆ ಚಾನೆಲ್ ಬದಲಾಯಿಸುತ್ತೇವೆ. ಹಾಸ್ಯ ಬಂದರೆ ಜೋರು ಮಾಡುತ್ತೇವೆ, ಒಳಗಿದ್ದ ಮಗುವನ್ನೂ ಕೂಗಿ ಕರೆಯುತ್ತೇವೆ. ಅದು ಸರಿಯೇ ಅನ್ನುವುದು ಅವರ ಅನುಮಾನ.

ಈ ತಾಲ್ಲೂಕಿನ ಪ್ರಾಥಮಿಕ ಶಾಲೆಗಳಲ್ಲಿ ಬಹಳ ವರ್ಷ ಮೇಷ್ಟ್ರಾಗಿದ್ದವನು ನಾನು. ನನಗೆ ಈ ಪ್ರಶ್ನೆ ಹುಟ್ಟಿದ್ದು ಒಂದು ಮಧ್ಯಾಹ್ನ, ಹೊಂಗೆ ಮರದ ಕೆಳಗೆ. ಊಟದ ಬೆಲ್ ಆಗಿತ್ತು. ಮೂರನೇ ಕ್ಲಾಸಿನ ಮಕ್ಕಳು ಗಂಡ ಹೆಂಡತಿ ಆಟ ಆಡುತ್ತಿದ್ದರು. ಹೆಂಡತಿಯಾದ ಹುಡುಗಿ ನೋಟ್‌ಬುಕ್ ಸುರುಳಿ ಸುತ್ತಿಕೊಂಡು ಗಂಡನ ತಲೆಗೆ ಹೊಡೆಯುತ್ತಾಳೆ, ಅವನು ಅಯ್ಯಯ್ಯೋ ಅಂತ ಬಗ್ಗುತ್ತಾನೆ. ಇದರಲ್ಲಿ ಹೊಸದೇನೂ ಇಲ್ಲ. ಆದರೆ ಪಕ್ಕದ ಕಟ್ಟೆಯ ಮೇಲೆ ನಾಲ್ಕು ಮಕ್ಕಳು ಸಾಲಾಗಿ ಕೂತಿದ್ದವು. ಒಂದೊಂದು ಏಟು ಬಿದ್ದಾಗಲೂ ನಾಲ್ಕೂ ಒಟ್ಟಿಗೆ ಹಹ್ಹಹ್ಹಾ ಅನ್ನುತ್ತವೆ, ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಒಟ್ಟಿಗೇ ನಿಲ್ಲಿಸುತ್ತವೆ. ಮುಖದಲ್ಲಿ ನಗುವಿಲ್ಲ, ಬಾಯಲ್ಲಿ ಮಾತ್ರ. ನೀವು ಯಾರಪ್ಪ ಆಟದಲ್ಲಿ ಅಂತ ಕೇಳಿದೆ. ಒಬ್ಬ ಎದ್ದು ನಿಂತು ಹೇಳಿದ: "ನಾವು ನಗೋರು ಸಾರ್."

ಆಗ ಮನೆಮನೆಯಲ್ಲೂ ಈಟಿವಿಯ 'ಪಾಪ ಪಾಂಡು' ಓಡುತ್ತಿದ್ದ ಕಾಲ. ಹೆಂಡತಿಯ ಕೈಯಲ್ಲಿ ಪೆಟ್ಟು ತಿನ್ನುವ ಸಾಧು ಗಂಡನ ಕಥೆ. ಚಿದಾನಂದ್ ಪಾಂಡು, ಶಾಲಿನಿ ಅವನ ಶ್ರೀಮತಿ. ನಿರ್ದೇಶನ ಸಿಹಿಕಹಿ ಚಂದ್ರು ಅವರದು. ಬೆಂಗಳೂರು ದೂರದರ್ಶನದ ಕಾಲದಲ್ಲೇ 'ಸಿಹಿಕಹಿ' ಧಾರಾವಾಹಿಯಿಂದ ಅವರಿಗೂ ಗೀತಾ ಅವರಿಗೂ ಆ ಹೆಸರೇ ಮನೆಹೆಸರಿನ ಹಾಗೆ ಅಂಟಿಕೊಂಡಿತ್ತು. ವಿಜಯಪ್ರಸಾದ್ ನಿರ್ದೇಶನದ 'ಸಿಲ್ಲಿ ಲಲ್ಲಿ'ಯೂ ಅದೇ ಚಾನೆಲ್ಲಿನದು. ರವಿಶಂಕರ್ ಅವರ ಡಾಕ್ಟರ್ ವಿಠಲ್ ರಾವ್, ಮಂಜುಭಾಷಿಣಿಯವರ ಸಮಾಜ ಸೇವಕಿ ಲಲಿತಾಂಬ ಇವತ್ತಿಗೂ ನಮ್ಮ ಬಾಯಲ್ಲಿದ್ದಾರೆ. ಇವೆರಡನ್ನೂ ನಾನು ನೋಡಿ ನಕ್ಕವನು. ನಟರೆಲ್ಲ ಬಹಳ ಚೆನ್ನಾಗಿ ಮಾಡಿದರು, ಅದರಲ್ಲಿ ಎರಡು ಮಾತಿಲ್ಲ. ಆವತ್ತು ಕಟ್ಟೆಯ ಮೇಲೆ ಕೂತ ಆ ನಾಲ್ಕು ಮಕ್ಕಳು ಮಾತ್ರ ನನ್ನ ನಿದ್ದೆ ಕೆಡಿಸಿದವು.

ಧಾರಾವಾಹಿಯ ಹಿನ್ನೆಲೆಯಲ್ಲಿ ಕೇಳುವ ನಗುವನ್ನೇ ಅವು ಆಡುತ್ತಿದ್ದವು. ಆ ನಗು ಎಲ್ಲಿಂದ ಬಂತು ಅಂತ ಹುಡುಕಿದರೆ ಅಮೆರಿಕಕ್ಕೆ ಹೋಗಬೇಕಾಗುತ್ತದೆ. ಸಿಬಿಎಸ್ ಸಂಸ್ಥೆಯ ಧ್ವನಿ ಎಂಜಿನಿಯರ್ ಚಾರ್ಲಿ ಡಗ್ಲಸ್ 1950ರ ದಶಕದಲ್ಲಿ ಒಂದು ಪೆಟ್ಟಿಗೆ ಮಾಡಿದರು. ಜನ ನಕ್ಕ ಸದ್ದನ್ನು ಟೇಪಿನಲ್ಲಿ ತುಂಬಿಟ್ಟಿದ್ದರು. ಒಂದು ಗುಂಡಿ ಒತ್ತಿದರೆ ಕಿಸಕ್ಕನೆ ನಗು, ಇನ್ನೊಂದು ಗುಂಡಿಗೆ ಹೊಟ್ಟೆ ಹುಣ್ಣಾಗುವಂಥ ನಗು. ಅದೇ ಪದ್ಧತಿ ನಮ್ಮಲ್ಲಿಗೂ ಬಂತು. ಎಲ್ಲಿ ನಗಬೇಕು ಅಂತ ನಮಗೆ ಮೊದಲೇ ಯಾರೋ ಹೇಳಿಕೊಡುತ್ತಿದ್ದಾರೆ. ದೊಡ್ಡವರಿಗೆ ಅದು ಬರೀ ಸದ್ದು. ಮಗುವಿಗೆ ಅದು ಊರಿನ ಒಪ್ಪಿಗೆ.

ಒಪ್ಪಿಗೆ ಸಿಕ್ಕರೆ ಮಗು ಏನು ಮಾಡುತ್ತದೆ? ಆಲ್ಬರ್ಟ್ ಬಂಡೂರ ಅನ್ನುವ ಮನಃಶಾಸ್ತ್ರಜ್ಞರು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಶಿಶುವಿಹಾರದ ಮಕ್ಕಳ ಜೊತೆ ಪರೀಕ್ಷೆಗಳನ್ನು ಮಾಡಿದರು. ಮೊದಲನೆಯದು 1961ರಲ್ಲಿ ಪ್ರಕಟವಾಯಿತು: ದೊಡ್ಡವರು ಗಾಳಿ ತುಂಬಿದ ಗೊಂಬೆಗೆ ಹೊಡೆದದ್ದನ್ನು ನೋಡಿದ ಮಕ್ಕಳು ಹಾಗೇ ಹೊಡೆದವು. ನನಗೆ ಮುಖ್ಯ ಅನ್ನಿಸುವುದು 1965ರದು. ಅದರಲ್ಲಿ ಮಕ್ಕಳಿಗೆ ಚಿತ್ರ ತೋರಿಸಿದರು. ಹೊಡೆದವನಿಗೆ ಒಂದು ಗುಂಪಿನ ಚಿತ್ರದಲ್ಲಿ ಭೇಷ್ ಅಂತ ತಿಂಡಿ ಸಿಗುತ್ತದೆ, ಇನ್ನೊಂದರಲ್ಲಿ ಬೈಗುಳ, ಮೂರನೆಯದರಲ್ಲಿ ಏನೂ ಇಲ್ಲ. ಬೈಗುಳ ನೋಡಿದ ಮಕ್ಕಳು ಕಡಿಮೆ ಹೊಡೆದವು. ಆಮೇಲೆ, ನೀವು ನೋಡಿದ್ದನ್ನು ಮಾಡಿ ತೋರಿಸಿದರೆ ಬಹುಮಾನ ಅಂದಾಗ ಮೂರೂ ಗುಂಪಿನವು ಸರಿಸಮವಾಗಿ ಮಾಡಿ ತೋರಿಸಿದವು. ಅಂದರೆ ಕಲಿಯುವುದನ್ನು ಎಲ್ಲವೂ ಕಲಿತಿದ್ದವು. ಮಾಡುವುದೋ ಬಿಡುವುದೋ ಅನ್ನುವುದನ್ನು ಮಾತ್ರ ಮುಂದೆ ಏನಾಯಿತು ಅನ್ನುವುದು ತೀರ್ಮಾನಿಸಿತು. ಹಾಸ್ಯ ಧಾರಾವಾಹಿಯಲ್ಲಿ ಹೊಡೆದ ಮೇಲೆ ಏನಾಗುತ್ತದೆ? ನಗು ಬರುತ್ತದೆ. ಮಗುವಿನ ಲೆಕ್ಕದಲ್ಲಿ ಅದಕ್ಕಿಂತ ದೊಡ್ಡ ಬಹುಮಾನ ಇನ್ನೇನಿದೆ?

ಕಾನೂನು ಇಲ್ಲವೇ ಅಂತ ಕೇಳುತ್ತೀರಿ. ಇದೆ. 1994ರ ಕೇಬಲ್ ಟಿವಿ ನಿಯಮಗಳ ಆರನೇ ನಿಯಮವೇ ಕಾರ್ಯಕ್ರಮ ಸಂಹಿತೆ. ಮಕ್ಕಳ ಕಾರ್ಯಕ್ರಮದಲ್ಲಿ ಕೆಟ್ಟ ಮಾತು, ಹಿಂಸೆಯ ದೃಶ್ಯ ಇರಬಾರದು, ಮಕ್ಕಳಿಗೆ ತಕ್ಕದ್ದಲ್ಲದ್ದನ್ನು ಅವರು ಹೆಚ್ಚಾಗಿ ನೋಡುವ ಹೊತ್ತಿನಲ್ಲಿ ತೋರಿಸಬಾರದು ಅನ್ನುತ್ತದೆ. 2011ರಲ್ಲಿ ಚಾನೆಲ್‌ಗಳೇ ಸೇರಿ ನ್ಯಾಯಮೂರ್ತಿ ಎ.ಪಿ. ಶಾ ಅವರ ಅಧ್ಯಕ್ಷತೆಯಲ್ಲಿ ದೂರು ಮಂಡಳಿಯೊಂದನ್ನು ಮಾಡಿಕೊಂಡವು. ದೊಡ್ಡವರಿಗೆ ಮಾತ್ರ ಅನ್ನುವಂಥದ್ದು ರಾತ್ರಿ ಹನ್ನೊಂದರಿಂದ ಬೆಳಗಿನ ಐದರ ಒಳಗೆ ಅಂತ ಗೆರೆ ಎಳೆದವು. ಒಳ್ಳೆಯದೇ. ಆದರೆ ಈ ನಿಯಮಗಳು ಹುಡುಕುವುದು ಕೆಟ್ಟ ಮಾತನ್ನು, ರಕ್ತವನ್ನು, ಅಶ್ಲೀಲವನ್ನು. ನಗಿಸುವ ಏಟು ಯಾವ ಪಟ್ಟಿಗೂ ಸಿಗುವುದಿಲ್ಲ. ಗಡಿಯಾರ ನೋಡಿ ಮಾಡಿದ ನಿಯಮ ನಮ್ಮ ಮನೆಗಳಿಗೆ ಹೊಂದುವುದೂ ಕಷ್ಟ. ಒಂದೇ ಪಡಸಾಲೆ, ಒಂದೇ ಟಿವಿ. ಶೇಂಗಾ ಸುಗ್ಗಿಯಲ್ಲಿ ರಾತ್ರಿ ಹತ್ತರ ತನಕ ಕಾಯಿ ಬಿಡಿಸುತ್ತ ಕೂತ ಮನೆಯಲ್ಲಿ ಮಗುವನ್ನು ಒಬ್ಬನನ್ನೇ ಮಲಗಿಸುವುದು ಯಾವ ಕೋಣೆಯಲ್ಲಿ?

ಈಗಂತೂ ಫೋನು ಬಂದಿದೆ. ಅರ್ಧ ಗಂಟೆಯ ಕಥೆಯನ್ನು ಅರ್ಧ ನಿಮಿಷಕ್ಕೆ ಕತ್ತರಿಸಿ ಹಾಕುತ್ತಾರೆ. ಪೂರ್ತಿ ಕಂತಿನಲ್ಲಿ ಹೊಡೆದವಳು ಕೊನೆಗೆ ಪಶ್ಚಾತ್ತಾಪ ಪಟ್ಟಿರಬಹುದು, ಗಂಡ ಹೆಂಡತಿ ಒಟ್ಟಿಗೆ ಊಟಕ್ಕೆ ಕೂತಿರಬಹುದು. ತುಣುಕಿನಲ್ಲಿ ಏಟು ಮತ್ತು ನಗು ಎರಡೇ ಉಳಿಯುತ್ತವೆ. ಇಡೀ ಕಂತನ್ನು ಮಗುವಿನ ಜೊತೆ ನೋಡುವುದು ಆ ತುಣುಕಿಗಿಂತ ಸಾವಿರ ಪಾಲು ಮೇಲು ಅಂತ ನಾನು ಧೈರ್ಯವಾಗಿ ಹೇಳುತ್ತೇನೆ.

ಇಲ್ಲಿ ಹಿರಿಯರೊಬ್ಬರು ತಲೆ ಅಲ್ಲಾಡಿಸುತ್ತಿದ್ದಾರೆ. ಅವರ ಮಾತು ನನಗೆ ಗೊತ್ತು: ನಮ್ಮ ಕಾಲದ ತೊಗಲುಗೊಂಬೆಯಲ್ಲಿ ಕಿಳ್ಳೇಕ್ಯಾತ, ಬಂಗಾರಕ್ಕ ಆಡುತ್ತಿದ್ದ ಮಾತು ಇದಕ್ಕಿಂತ ಹಸಿ ಇರಲಿಲ್ಲವೇ, ಮಕ್ಕಳು ಮುಂದಿನ ಸಾಲಿನಲ್ಲೇ ಕೂತಿರುತ್ತಿದ್ದರಲ್ಲ ಅಂತ. ನಿಜ, ಹಸಿಯೇ ಇತ್ತು. ಅದಕ್ಕೇ ನಾನು ಬರೀ ಪೋಲಿ ಮಾತನ್ನು ಅಳತೆಗೋಲು ಮಾಡುವುದಿಲ್ಲ. ಕಿಳ್ಳೇಕ್ಯಾತ ಊರ ಗೌಡನನ್ನೂ ಬಿಡುತ್ತಿರಲಿಲ್ಲ, ರಾಜನನ್ನೂ ಬಿಡುತ್ತಿರಲಿಲ್ಲ, ತನ್ನನ್ನಂತೂ ಬಿಡುತ್ತಲೇ ಇರಲಿಲ್ಲ. ಅವನ ನಗು ಮೇಲಿದ್ದವರ ಮೇಲೆ ಬೀಳುತ್ತಿತ್ತು. ಮಾತು ಅತಿಯಾದರೆ ಹಿಂದಿನಿಂದ ಯಾರಾದರೂ "ಸಾಕು ಬಿಡಪ್ಪ" ಅಂತ ಕೂಗಿದರೆ ಆಡಿಸುವವನಿಗೆ ಕೇಳಿಸುತ್ತಿತ್ತು. ಬರುತ್ತಿದ್ದದ್ದೂ ವರ್ಷಕ್ಕೊಮ್ಮೆ. ದಿನಾ ಸಂಜೆ ಬಂದು ಪಡಸಾಲೆಯಲ್ಲಿ ಕೂರುತ್ತಿರಲಿಲ್ಲ.

ಟಿವಿಯ ನಗು ಎಷ್ಟೋ ಸಲ ಕೆಳಗಿದ್ದವರ ಮೇಲೆ ಬೀಳುತ್ತದೆ. ದಪ್ಪಗಿರುವ ಹೆಂಗಸು, ಕಪ್ಪಗಿರುವ ಹುಡುಗಿ, ಕಿವಿ ಕೇಳಿಸದ ಅಜ್ಜ, ಸೀರೆ ಉಟ್ಟ ಗಂಡಸು. ಇದರ ಜೊತೆಗೆ ನಮಗೇ ತಗಲುವ ಒಂದಿದೆ. ಧಾರಾವಾಹಿಯಲ್ಲಿ ಬೆಂಗಳೂರಿನ ಮನೆ, ಯಜಮಾನರ ಮಾತು ಪುಸ್ತಕದ್ದು, ಕೆಲಸದವನ ಮಾತು ಹಳ್ಳಿಯದು. ಅವನು ಬಾಯಿ ತೆರೆದರೆ ನಗು. ನಮ್ಮ ಈ ಧರ್ಮಪುರ ಹೋಬಳಿಯ ಮಗು, ತೆಲುಗು ಗಡಿಯ ರಾಗ ಬೆರೆತ ಕನ್ನಡ ಆಡುವ ಮಗು, ತನ್ನ ಅಪ್ಪ ಅಮ್ಮ ಆಡುವ ಮಾತು ಪೆದ್ದನ ಗುರುತು ಅಂತ ನಗುತ್ತ ನಗುತ್ತಲೇ ಕಲಿಯುತ್ತದೆ. ಅದರಲ್ಲಿ ಒಂದು ಕೆಟ್ಟ ಪದವಿಲ್ಲ. ಯಾವ ಮಂಡಳಿಗೂ ದೂರು ಕೊಡುವ ಹಾಗಿಲ್ಲ.

ಟಿವಿಯ ನಗು ಹೀಗೇ ಇರಬೇಕು ಅಂತೇನೂ ಇಲ್ಲ. ಶಂಕರ್‌ನಾಗ್ 1980ರ ದಶಕದಲ್ಲಿ ಆಗುಂಬೆಯಲ್ಲಿ 'ಮಾಲ್ಗುಡಿ ಡೇಸ್' ತೆಗೆದರು. ಮಾಸ್ಟರ್ ಮಂಜುನಾಥ್ ಅದರಲ್ಲಿ ಸ್ವಾಮಿ ಅನ್ನುವ ಹುಡುಗನಾಗಿದ್ದ. ಅಲ್ಲಿಯೂ ಅಪ್ಪ ಗದರುತ್ತಾನೆ, ಮೇಷ್ಟ್ರು ಬೆತ್ತ ಹಿಡಿದಿರುತ್ತಾರೆ. ಆದರೆ ಕ್ಯಾಮೆರಾ ಹುಡುಗನ ಎತ್ತರದಲ್ಲಿದೆ. ಏಟಿಗೆ ಹೆದರುವ ಹುಡುಗನ ಜೊತೆ ನಿಂತು ನಾವು ನಗುತ್ತೇವೆ, ಅವನನ್ನು ನೋಡಿ ಅಲ್ಲ. ಹಾಗೆ ತೆಗೆಯಲು ಆಗುತ್ತದೆ ಅನ್ನುವುದಕ್ಕೆ ನಮ್ಮ ಮಲೆನಾಡಿನಲ್ಲೇ ಸಾಕ್ಷಿ ಇದೆ.

ಹಾಗಾದರೆ ಪಾಂಡುವಿನ ಕಥೆ ತಪ್ಪೋ ಸರಿಯೋ? ನಾನು ಬಹಳ ಯೋಚಿಸಿದ್ದೇನೆ. ಅಪ್ಪ ಅಮ್ಮ ಸಮವಾಗಿ ಮಾತಾಡುವ ಮನೆಯ ಮಗುವಿಗೆ ಅದು ತಲೆಕೆಳಗಾದ ಲೋಕ, ತಮಾಷೆ. ದಿನಾ ರಾತ್ರಿ ಅಮ್ಮ ಪೆಟ್ಟು ತಿನ್ನುವುದನ್ನು ನೋಡುವ ಮಗುವಿಗೆ? ಹೆಂಡತಿ ತಿರುಗಿ ಹೊಡೆಯುವ ಲೋಕವೊಂದನ್ನು ಕಂಡು ಅದರ ಎದೆ ಹಗುರಾಗಬಹುದು. ಹೊಡೆತ ಅಂದರೆ ನಗುವ ವಿಷಯ, ಅಮ್ಮನೇ ಸುಮ್ಮನೆ ಅಳುತ್ತಾಳೆ ಅಂತಲೂ ಅನ್ನಿಸಬಹುದು. ಒಂದೇ ಕಂತು, ಗೋಡೆಯ ಆಚೆ ಈಚೆಯ ಎರಡು ಮನೆಯಲ್ಲಿ ಎರಡು ಪಾಠ. ಆದ್ದರಿಂದ ಈ ತೀರ್ಪನ್ನು ದೆಹಲಿಯೂ ಕೊಡಲಾರದು, ಮುಂಬೈಯೂ ಕೊಡಲಾರದು. ನಮ್ಮ ಪಡಸಾಲೆಯಲ್ಲಿ ಯಾರು ಕೂತಿದ್ದಾರೆ, ಆ ನಗು ಅವರಲ್ಲಿ ಯಾರ ಮೇಲೆ ಬೀಳುತ್ತಿದೆ ಅನ್ನುವುದು ನಮಗೆ ಮಾತ್ರ ಗೊತ್ತು.

ಒಂದು ಮನೆಯ ವಿಷಯ ಹೇಳುತ್ತೇನೆ, ಹೆಸರು ಬೇಡ. ಆ ಮನೆಯ ಹುಡುಗನಿಗೆ ಮಾತಾಡುವಾಗ ಉಗ್ಗು. ನಾನು ಒಂದು ಸಂಜೆ ಹೋಗಿದ್ದೆ. ಎಲ್ಲರೂ ಟಿವಿ ಮುಂದೆ. ತೆರೆಯ ಮೇಲೆ ಉಗ್ಗುವ ಪಾತ್ರವೊಂದು ಬಂತು. 'ಪ ಪ ಪ' ಅಂತ ಅವನು ಸಿಕ್ಕಿಕೊಂಡ, ಪೆಟ್ಟಿಗೆ ನಕ್ಕಿತು, ಮನೆಯವರೂ ನಕ್ಕರು. ನಾನು ಹುಡುಗನನ್ನು ನೋಡುತ್ತಿದ್ದೆ. ಅವನು ಮೊದಲು ಅಕ್ಕನ ಮುಖ ನೋಡಿದ, ಆಮೇಲೆ ಅಪ್ಪನ ಮುಖ ನೋಡಿದ, ಆಮೇಲೆ ನಕ್ಕ. ಎಲ್ಲರ ನಗು ಮುಗಿದಿತ್ತು, ಅವನದೊಂದೇ ಉಳಿದಿತ್ತು. ಸೋಮವಾರ ಕ್ಲಾಸಿನಲ್ಲಿ ಓದುವ ಸರದಿ ಬಂದಾಗ ಗಂಟಲು ನೋವು ಅಂತ ಸನ್ನೆ ಮಾಡಿ ಕೂತುಬಿಟ್ಟ.

ಅವನ ಅಪ್ಪನಿಗೆ ಹೇಳಿದೆ. "ಅವನೂ ನಗ್ತಿದ್ನಲ್ಲ ಸಾರ್" ಅಂದರು. ನಾನು ಕಂಡದ್ದನ್ನು ಹೇಳಿದೆ. ಅವರು ಮಾತಾಡಲಿಲ್ಲ.

ತಿಂಗಳು ಕಳೆದ ಮೇಲೆ ಸಂತೆಯಲ್ಲಿ ಸಿಕ್ಕರು. ಟಿವಿ ನಿಲ್ಲಿಸಿಬಿಟ್ಟಿರಾ ಅಂತ ಕೇಳಿದೆ. "ಇಲ್ಲ ಸಾರ್" ಅಂದರು, "ಆ ಪಾತ್ರ ಇನ್ನೊಂದಿನ ಬಂತು. ನಾನು ನಗಲಿಲ್ಲ. ಅವನು ನನ್ನ ಮುಖ ನೋಡ್ದ, ಅವನೂ ನಗಲಿಲ್ಲ. ಆಮೇಲೆ ಬೇರೆ ಸೀನ್ ಬಂತು, ಚೆನ್ನಾಗಿತ್ತು, ಇಬ್ರೂ ನಕ್ವಿ."