ಬಾರ್ ಬೋರ್ಡು ಕಾಣುತ್ತೆ, ಈ ಬಾಗಿಲು ಕಾಣಲ್ಲ



ಸಂಬಳದ ದಿನ ಸಂಜೆ ಪೀಣ್ಯದಲ್ಲಿ ಒಂದು ಸುತ್ತು ಹಾಕಿ ಬನ್ನಿ. ಶಿಫ್ಟ್ ಮುಗಿಸಿ ಗೇಟಿನಿಂದ ಆಚೆ ಬಂದವನು ಯಾರನ್ನೂ ದಾರಿ ಕೇಳಬೇಕಾಗಿಲ್ಲ. ಬಾರ್ ಬೋರ್ಡು ದೂರದಿಂದಲೇ ಕಣ್ಣು ಕುಕ್ಕುತ್ತೆ. ವೈಟ್‌ಫೀಲ್ಡ್‌, ಎಲೆಕ್ಟ್ರಾನಿಕ್ ಸಿಟಿ ಕಡೆ ಹೋದರೆ ಬೋರ್ಡು ಇಂಗ್ಲಿಷ್‌ಗೆ ತಿರುಗುತ್ತೆ, ಬಾರ್ ಅನ್ನೋದು ಪಬ್ ಆಗುತ್ತೆ, ಬಿಲ್ಲು ದೊಡ್ಡದಾಗುತ್ತೆ. ಹೊಟ್ಟೆಗೆ ಹೋಗೋದು ಮಾತ್ರ ಅದೇ ಎಣ್ಣೆ.

ಈಗ ನನ್ನ ಪ್ರಶ್ನೆ. ಅದೇ ಮನುಷ್ಯ ಒಂದು ದಿನ ಬೆಳಗ್ಗೆ ಎದ್ದು 'ಸಾಕು, ಬಿಟ್ಟುಬಿಡ್ತೀನಿ' ಅಂದ ಅಂತಿಟ್ಟುಕೊಳ್ಳಿ. ಅವನು ಎಲ್ಲಿಗೆ ಹೋಗಬೇಕು? ಅದಕ್ಕೆ ಬೋರ್ಡು ಎಲ್ಲಿದೆ ಸ್ವಾಮಿ?

ಪೀಣ್ಯದಿಂದ ಒಬ್ಬ ಹೆಣ್ಣುಮಗಳು ನನಗೆ ಫೋನ್ ಮಾಡಿದ್ದರು. 'ಸರ್, ನಮ್ಮನೆಯವ್ರು ಬಿಡ್ತೀನಿ ಅಂತ ಮೂರು ಸಲ ಅಂದ್ರು. ದೇವಸ್ಥಾನದಲ್ಲಿ ಆಣೆ ಮಾಡಿಸ್ದೆ. ಯಾರೋ ಕೊಟ್ಟ ಮಾತ್ರೆನ ಗೊತ್ತಾಗ್ದಂಗೆ ಸಾರಲ್ಲಿ ಹಾಕ್ದೆ. ಏನೂ ಆಗ್ಲಿಲ್ಲ. ಇನ್ನೆಲ್ಲಿಗೆ ಕರ್ಕೊಂಡು ಹೋಗ್ಲಿ?' ಇಷ್ಟೆಲ್ಲ ಮಾಡಿದ ಆ ತಾಯಿಗೆ ಸಿಗದೇ ಇದ್ದದ್ದು ಒಂದು ವಿಳಾಸ, ಅಷ್ಟೇ.

ಸ್ವಲ್ಪ ಹಿಂದಕ್ಕೆ ಹೋಗೋಣ. 1935ರ ಮೇ ತಿಂಗಳು. ಅಮೆರಿಕದ ಆಕ್ರನ್ ಅನ್ನೋ ಊರಿನ ಹೋಟೆಲು. ಕುಡಿತ ಬಿಟ್ಟು ಕೆಲವೇ ತಿಂಗಳಾಗಿದ್ದ ಬಿಲ್ ವಿಲ್ಸನ್ ಅನ್ನೋ ವ್ಯಾಪಾರಿ, ವ್ಯವಹಾರ ಕೈಕೊಟ್ಟು ಅಲ್ಲಿ ಒಂಟಿಯಾಗಿ ನಿಂತಿದ್ದ. ಒಂದು ಕಡೆ ಬಾರು, ಇನ್ನೊಂದು ಕಡೆ ಟೆಲಿಫೋನು. ಆತ ಟೆಲಿಫೋನಿನ ಕಡೆ ನಡೆದ. ಕುಡುಕನೊಬ್ಬನ ಜೊತೆ ಮಾತಾಡಬೇಕು ಅಂತ ಚರ್ಚುಗಳಿಗೆ ಫೋನ್ ಮಾಡಿದ. ಹಾಗೆ ಸಿಕ್ಕವರು ಡಾಕ್ಟರ್ ಬಾಬ್ ಸ್ಮಿತ್, ಕುಡಿತದಿಂದ ಬಸವಳಿದಿದ್ದ ಸರ್ಜನ್. ಜೂನ್ 10ರ ನಂತರ ಡಾಕ್ಟರು ಮತ್ತೆ ಕುಡಿಯಲಿಲ್ಲ. ಆ ದಿನವನ್ನೇ ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಎಎ, ತನ್ನ ಹುಟ್ಟುಹಬ್ಬ ಅಂತ ಎಣಿಸುತ್ತೆ. ಇಡೀ ಸಂಸ್ಥೆಯ ಗುಟ್ಟು ಇಷ್ಟೇ: ಕುಡಿದು ನೊಂದವನ ಮಾತು ಕುಡಿದು ನೊಂದವನಿಗೆ ನಾಟುತ್ತೆ.

ಬೆಂಗಳೂರಿನಲ್ಲೂ ಎಎ ಸಭೆಗಳು ನಡೀತವೆ. ಫೀಸಿಲ್ಲ. ಜಾತಿ, ಧರ್ಮ, ಹುದ್ದೆ ಯಾರೂ ಕೇಳಲ್ಲ. ಕುಡಿತ ಬಿಡಬೇಕು ಅನ್ನೋ ಆಸೆ ಇದ್ದರೆ ಸಾಕು. ಹೆಸರು, ವಿಷಯ ಆಚೆ ಹೋಗಬಾರದು ಅನ್ನೋದು ಅಲ್ಲಿನ ನಿಯಮ. ಮೊದಲ ದಿನ ಮಾತಾಡಲೇಬೇಕು ಅಂತಿಲ್ಲ, ಕೂತು ಕೇಳಿ. 'ಜೀವನಪೂರ್ತಿ ಮುಟ್ಟಲ್ಲ' ಅನ್ನೋ ಭೀಷ್ಮ ಪ್ರತಿಜ್ಞೆಯೂ ಬೇಡ, ಇವತ್ತೊಂದು ದಿನ ಕುಡಿಯಲ್ಲ ಅಂದರೆ ಸಾಕು. ಮನೆಯವರಿಗಾಗಿಯೇ ಅಲ್-ಅನಾನ್ ಅನ್ನೋ ಬೇರೆ ಗುಂಪಿದೆ.

ಇದು ನಮಗೆ ಹೊಸದೂ ಅಲ್ಲ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರ ಮುಗಿಸಿದವರು ಊರೂರಲ್ಲಿ ನವಜೀವನ ಸಮಿತಿ ಅಂತ ಸೇರ್ತಾರಲ್ಲ, ಅದೂ ಇದೇ ದಾರಿ. ಬಿಡೋದು ಒಂದು ದಿನದ ಕೆಲಸ, ಬಿಟ್ಟವನಾಗಿ ಉಳಿಯೋಕೆ ಜೊತೆ ಬೇಕು. ಇದು ಬರೀ ನಂಬಿಕೆ ಅಂತೀರಾ? 2020ರಲ್ಲಿ ಕಾಕ್ರೇನ್ ಸಂಸ್ಥೆ 27 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿತು. ಕುಡಿತದಿಂದ ಪೂರ್ತಿ ದೂರ ಉಳಿಯೋ ವಿಷಯದಲ್ಲಿ ಎಎ ದಾರಿ ಬೇರೆ ಚಿಕಿತ್ಸೆಗಳಿಗಿಂತ ಕಡಿಮೆಯಿಲ್ಲ, ಎಷ್ಟೋ ಸಲ ಮೇಲು ಅಂತ ಹೇಳಿತು.

ಆದರೆ ಒಂದು ಎಚ್ಚರಿಕೆ. ವರ್ಷಗಟ್ಟಲೆ ದಿನಾ ಕುಡಿದವರು ದಿಢೀರ್ ಅಂತ ನಿಲ್ಲಿಸಿದರೆ ಕೈನಡುಕ, ಫಿಟ್ಸು, ಭ್ರಮೆ ಬರಬಹುದು, ಪ್ರಾಣಕ್ಕೂ ಅಪಾಯ. ಮೊದಲು ಡಾಕ್ಟರ್ ಹತ್ತಿರ ಹೋಗಿ. ನಿಮ್ಹಾನ್ಸ್‌ನಲ್ಲಿ ಇದಕ್ಕೇ ಪ್ರತ್ಯೇಕ ವಿಭಾಗವಿದೆ. ಗೊತ್ತಾಗದ ಹಾಗೆ ಊಟದಲ್ಲಿ ಮಾತ್ರೆ ಹಾಕೋದಂತೂ ಬೇಡವೇ ಬೇಡ. ಅದರ ಮೇಲೆ ಅವರು ಕುಡಿದರೆ ಜೀವಕ್ಕೇ ಕುತ್ತು. ಎಲ್ಲಿಗೆ ಹೋಗಬೇಕು ಅಂತ ತಿಳಿಯದಿದ್ದರೆ ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446, ಮಾನಸಿಕ ಆರೋಗ್ಯಕ್ಕೆ ಟೆಲಿ ಮಾನಸ್ 14416. ಬರೆದಿಟ್ಟುಕೊಳ್ಳಿ.

ಇನ್ನು ದೊಡ್ಡವರಿಗೆ ಒಂದು ಮಾತು. 2025-26ರ ಬಜೆಟ್‌ನಲ್ಲಿ ಅಬಕಾರಿಯಿಂದ ಸರ್ಕಾರ ಇಟ್ಟುಕೊಂಡ ಗುರಿ 40 ಸಾವಿರ ಕೋಟಿ ರೂಪಾಯಿ. ಕುಡಿಯೋರ ಜೇಬಿಂದ ಇಷ್ಟು ದುಡ್ಡು ಎಣಿಸೋ ಸರ್ಕಾರಕ್ಕೆ, ಬಿಡೋರಿಗೆ ದಾರಿ ತೋರಿಸೋ ಒಂದು ಬೋರ್ಡು ಭಾರವಾ? ಪೀಣ್ಯಕ್ಕೆ ಮೆಟ್ರೊ ಬಂತು, ವೈಟ್‌ಫೀಲ್ಡ್‌ಗೆ ಬಂತು, ಎಲೆಕ್ಟ್ರಾನಿಕ್ ಸಿಟಿಗೂ ಬಂತು. ಒಂದೊಂದು ಸ್ಟೇಷನ್‌ನಲ್ಲಿ, ಒಂದೊಂದು ಇಎಸ್ಐ ಆಸ್ಪತ್ರೆಯಲ್ಲಿ ಹತ್ತಿರದ ಸಭೆ ಎಲ್ಲಿ, ಯಾವಾಗ, ಯಾವ ಭಾಷೆಯಲ್ಲಿ ಅಂತ ಕನ್ನಡದಲ್ಲಿ ನಾಲ್ಕು ಸಾಲು ಅಂಟಿಸಿ. ಕಾರ್ಖಾನೆ ಮಾಲೀಕರೇ, ಐಟಿ ಸಾಹೇಬರೇ, ಟೀಮ್ ಪಾರ್ಟಿಗೆ ಸಾವಿರಗಟ್ಟಲೆ ಬಿಲ್ ಪಾಸ್ ಮಾಡ್ತೀರಿ. ರಾತ್ರಿ ಪಾಳಿಯವನು ವಾರಕ್ಕೊಂದು ಸಭೆಗೆ ಹೋಗೋ ಹಾಗೆ ಒಂದು ಗಂಟೆ ಬಿಟ್ಟುಕೊಡಿ.

ಆ ಹೆಣ್ಣುಮಗಳು ಮತ್ತೆ ಫೋನ್ ಮಾಡಿದ್ದರು. ಯಜಮಾನರು ಡಾಕ್ಟರನ್ನ ನೋಡಿ, ಸಭೆಗೂ ಹೋಗಿ ಬಂದರಂತೆ. ಏನಂದರು ಅಂತ ಕೇಳಿದೆ. 'ಏನೂ ಅನ್ಲಿಲ್ಲ ಸರ್. ಮುಂದಿನ ವಾರ ಎಷ್ಟೊತ್ತಿಗೆ ಅಂತ ಅವ್ರೇ ಕೇಳ್ಕೊಂಡು ಬಂದವ್ರೆ.'

ನಮಗೆ ಗೆಲುವು ಅಂದರೆ ಇದೇ.