ಹೆಪಟೈಟಿಸ್ ಸಿ: ‘ರಿಯಾಕ್ಟಿವ್’ ಅಂತ ಬಂದ್ರೆ ಕಥೆ ಮುಗೀತಾ?

ಕಳೆದ ವಾರ ಕೇಳುಗರೊಬ್ಬರು ವಾಯ್ಸ್ ನೋಟ್ ಕಳಿಸಿದ್ರು. ರಕ್ತದಾನ ಮಾಡಿದ್ಮೇಲೆ ಬ್ಲಡ್ ಬ್ಯಾಂಕ್‌ನಿಂದ ಫೋನ್ ಬಂತಂತೆ: ‘ಎಚ್‌ಸಿವಿ ರಿಯಾಕ್ಟಿವ್.’ ಮನೇಲಿ ಹೇಳಿದ ದಿನವೇ ಅವರ ತಟ್ಟೆ, ಲೋಟ ಬೇರೆ ಆಯ್ತು. ಈಗ ಮದುವೆ ಮಾತುಕತೆ ನಿಲ್ಲಿಸಬೇಕಾ ಅಂತ ಕೇಳಿದ್ದಾರೆ.

ನಾನು ಬಿಕಾಂ ಓದಿದವನು, ಡಾಕ್ಟರ್ ಅಲ್ಲ. ಆದ್ರೂ ಒಂದು ಮಾತು ಖಚಿತವಾಗಿ ಹೇಳಬಹುದು: ತಟ್ಟೆ ಬೇರೆ ಮಾಡೋ ಅಗತ್ಯವೇ ಇಲ್ಲ. ಇದು ರಕ್ತದಿಂದ ರಕ್ತಕ್ಕೆ ಹರಡೋ ವೈರಸ್. ಶುದ್ಧ ಮಾಡದ ಸೂಜಿ, ಟ್ಯಾಟೂ ಸೂಜಿ, ಇನ್ನೊಬ್ಬರ ರೇಜರ್, ಟೆಸ್ಟ್ ಮಾಡದ ರಕ್ತ ಇವು ಮುಖ್ಯ ದಾರಿಗಳು. ಜೊತೆಗೆ ಊಟ ಮಾಡಿದ್ರೆ, ತಬ್ಬಿಕೊಂಡ್ರೆ ಬರಲ್ಲ.

ಇನ್ನು ‘ರಿಯಾಕ್ಟಿವ್’. ಲಾಡ್ಜ್ ರಿಜಿಸ್ಟರ್‌ನಲ್ಲಿ ಹೆಸರಿದೆ ಅಂದ್ರೆ ಆಸಾಮಿ ಬಂದಿದ್ದ ಅಂತ ಅರ್ಥ. ಈಗಲೂ ರೂಮಲ್ಲಿದ್ದಾನಾ? ಅದು ರಿಜಿಸ್ಟರ್ ನೋಡಿದ್ರೆ ಗೊತ್ತಾಗಲ್ಲ. ಆಂಟಿಬಾಡಿ ಟೆಸ್ಟ್ ಆ ರಿಜಿಸ್ಟರ್ ಇದ್ದಂಗೆ. ರೂಮಿನ ಬಾಗಿಲು ತಟ್ಟಿ ನೋಡೋದು ಆರ್‌ಎನ್‌ಎ ಟೆಸ್ಟ್. ಸೋಂಕು ತಗುಲಿದವರಲ್ಲಿ ಸುಮಾರು ಶೇ 30 ಜನಕ್ಕೆ ಆರು ತಿಂಗಳೊಳಗೆ ವೈರಸ್ ತಾನಾಗಿಯೇ ಹೋಗಿರುತ್ತೆ. ಹಾಗಾಗಿ ಮೊದಲು ಆರ್‌ಎನ್‌ಎ ಟೆಸ್ಟ್ ಮಾಡಿಸಿ, ಮದುವೆ ಚಿಂತೆ ಆಮೇಲೆ.

ವೈರಸ್ ಇದೆ ಅಂತಲೇ ಬಂತು ಅಂದ್ಕೊಳ್ಳಿ. ಇಲ್ಲಿ ನನ್ನ ಕಾಮರ್ಸ್ ತಲೆ ಕೆಲಸ ಮಾಡುತ್ತೆ! 2013ರ ಕೊನೆಯಲ್ಲಿ ಅಮೆರಿಕದಲ್ಲಿ ಸೊಫೊಸ್‌ಬುವಿರ್ ಮಾತ್ರೆಗೆ ಒಪ್ಪಿಗೆ ಸಿಕ್ಕಿತು. ಒಂದು ಮಾತ್ರೆಗೆ 1,000 ಡಾಲರ್. ದಿನಕ್ಕೊಂದು, 12 ವಾರ, ಅಂದ್ರೆ 84 ಮಾತ್ರೆ, 84,000 ಡಾಲರ್. ಮನೆ ಮಾರಬೇಕಿತ್ತು. 2014ರ ಸೆಪ್ಟೆಂಬರ್‌ನಲ್ಲಿ ಆ ಕಂಪನಿ, ಗಿಲಿಯಡ್, ಭಾರತದ ಏಳು ತಯಾರಕರಿಗೆ ಲೈಸೆನ್ಸ್ ಕೊಟ್ಟಿತು. ನಮ್ಮ ಬೆಂಗಳೂರಿನ ಸ್ಟ್ರೈಡ್ಸ್ ಕೂಡ ಅದರಲ್ಲಿತ್ತು. ಪೈಪೋಟಿ ಬಂತು, ಬೆಲೆ ಪಾತಾಳಕ್ಕಿಳೀತು. 2018ರ ಜುಲೈ 28ಕ್ಕೆ ಕೇಂದ್ರ ಸರ್ಕಾರ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮ ಶುರು ಮಾಡಿತು. ಅದರಡಿ ಪರೀಕ್ಷೆ, ಮಾತ್ರೆ ಎರಡೂ ಉಚಿತ. ಜಿಲ್ಲಾಸ್ಪತ್ರೆಯಲ್ಲಿ ಈ ಕಾರ್ಯಕ್ರಮದ ಹೆಸರು ಹೇಳಿಯೇ ಕೇಳಿ. ಲಿವರ್ ಹೆಚ್ಚು ಹಾಳಾಗಿರದಿದ್ರೆ ಸಾಮಾನ್ಯವಾಗಿ 12 ವಾರದ ಕೋರ್ಸ್, ಗುಣವಾಗೋರು ಶೇ 95ಕ್ಕಿಂತ ಹೆಚ್ಚು.

ತೊಂದರೆ ಏನಂದ್ರೆ, ಬಹಳಷ್ಟು ಜನಕ್ಕೆ ಲಕ್ಷಣವೇ ಇರಲ್ಲ. ಕಣ್ಣು ಹಳದಿಯಾದ್ರೆ ತಾನೇ ನಾವು ಎಚ್ಚರ ಆಗೋದು? ಈ ವೈರಸ್ ಸದ್ದಿಲ್ಲದೆ 20 ವರ್ಷ ಕೂತು, ಕೆಲವರ ಲಿವರ್ ಗಟ್ಟಿ ಮಾಡಿಬಿಡುತ್ತೆ. ಅದನ್ನೇ ಸಿರೋಸಿಸ್ ಅನ್ನೋದು.

‘ಕಾಮಾಲೆಗೆ ನಾಟಿ ಔಷಧಿ ಕುಡಿದು ಗುಣವಾಯ್ತು’ ಅಂತ ಊರಲ್ಲಿ ಹೇಳ್ತಾರಲ್ಲ, ಅದರಲ್ಲಿ ಬಹುಪಾಲು ಹೆಪಟೈಟಿಸ್ ಎ ಥರದ್ದು, ತಾನಾಗಿಯೇ ವಾಸಿಯಾಗೋದು. ಕ್ರೆಡಿಟ್ ಮಾತ್ರ ಸೊಪ್ಪಿನ ರಸಕ್ಕೆ! ಕೆಲವು ಗಿಡಮೂಲಿಕೆಗಳೇ ಲಿವರ್ ಕೆಡಿಸ್ತವೆ. ರೀಲ್ಸ್‌ನಲ್ಲಿ ಬರೋ ‘ಲಿವರ್ ಡಿಟಾಕ್ಸ್’ ಜ್ಯೂಸ್ ನನಗಂತೂ ದುಡ್ಡು ದಂಡ. ಕುಡಿತ ಬಿಡಿ, ಹೊಟ್ಟೆಯ ಬೊಜ್ಜು ಇಳಿಸಿ, ಹೆಪಟೈಟಿಸ್ ಬಿ ಲಸಿಕೆ ಆಗಿದೆಯಾ ನೋಡಿ. ಸಿಗೆ ಲಸಿಕೆ ಇಲ್ಲ.

ಒಂದು ವಿಷಯ ಬಾಕಿ ಇದೆ. ಕೋರ್ಸ್ ಮುಗಿದು 12 ವಾರಕ್ಕೆ ಮತ್ತೆ ಆರ್‌ಎನ್‌ಎ ಟೆಸ್ಟ್ ಮಾಡಿಸಬೇಕು. ವೈರಸ್ ಇಲ್ಲ ಅಂದ್ರೆ ಗುಣವಾದ ಹಾಗೆ. ಆದ್ರೆ ಆಂಟಿಬಾಡಿ ಟೆಸ್ಟ್ ಆಮೇಲೂ ವರ್ಷಗಟ್ಟಲೆ ‘ರಿಯಾಕ್ಟಿವ್’ ತೋರಿಸಬಹುದು. ಆ ಆರ್‌ಎನ್‌ಎ ರಿಪೋರ್ಟ್‌ನ ಫೋಟೋ ಮೊಬೈಲ್‌ನಲ್ಲಿ ಇಟ್ಕೊಳ್ಳಿ, ಮುಂದೆ ಯಾವ ಆಸ್ಪತ್ರೆಯಲ್ಲಿ ಕೇಳಿದ್ರೂ ತೋರಿಸೋಕೆ.