ಜೀವಂತ ಕೋಶದೊಳಗೊಂದು ದೀಪ
(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣ)



ಉರ್ದು, ಕನ್ನಡ ಕಲಿಸುವವರಿಗೆ ವಿಜ್ಞಾನದ ಉಸಾಬರಿ ಏಕೆ ಎನ್ನಬೇಡಿ. ಇಲ್ಮ್‌ಗೆ ಗೋಡೆಗಳಿಲ್ಲ.

ಈಗ ನಿಮ್ಮ ಹೃದಯ ಬಡಿಯುತ್ತಿದೆ. ಪ್ರತಿ ಬಡಿತಕ್ಕೂ ಅದರ ಕೋಶಗಳೊಳಗೆ ಕ್ಯಾಲ್ಸಿಯಂ ಅಯಾನುಗಳ ಪ್ರಮಾಣ ಏರಿ ಇಳಿಯುತ್ತದೆ. ವಿಶ್ರಾಂತಿಯಲ್ಲಿರುವ ಕೋಶದ ಒಳಗಿರುವುದಕ್ಕಿಂತ ಸುಮಾರು 10,000 ಪಟ್ಟು ಹೆಚ್ಚು ಕ್ಯಾಲ್ಸಿಯಂ ಅಯಾನು ಅದರ ಹೊರಗಿರುತ್ತದೆ. ಒಳಗಿನ ಈ ಅತ್ಯಲ್ಪವನ್ನು ಅಳೆಯುವುದು ಹೇಗೆ? ಕೋಶವನ್ನು ಒಡೆದರೆ ಅದು ಸಾಯುತ್ತದೆ, ಹೊರಗಿನದೂ ಒಳಗಿನದೂ ಬೆರೆತುಹೋಗುತ್ತದೆ.

ಬೆಳಕು ಇದಕ್ಕೆ ದಾರಿ ತೋರಿಸಿತು. ನೇರಳಾತೀತ ದೀಪದ ಕೆಳಗೆ ನೋಟಿನ ಅಂಕಿಗಳು ಹೊಳೆಯುವುದನ್ನು ನೀವು ಬ್ಯಾಂಕಿನಲ್ಲಿ ನೋಡಿರಬಹುದು. ಇದೇ ಪ್ರತಿದೀಪ್ತಿ. ಕ್ಯಾಲ್ಸಿಯಂ ಅಂಟಿಕೊಂಡಾಗ ಹೊಳಪು ಬದಲಿಸುವ ಬಣ್ಣವೊಂದಿದ್ದರೆ ಸಾಕಲ್ಲವೇ? ರೋಜರ್ ತ್ಸಿಯೆನ್ ಎಂಬ ಯುವ ವಿಜ್ಞಾನಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಅಂತಹ ಅಣುಗಳನ್ನು ತಯಾರಿಸಿ 1980ರಲ್ಲಿ ಪ್ರಕಟಿಸಿದರು.

ಆದರೆ ವಿದ್ಯುದಾವೇಶವಿರುವ ಆ ಅಣು ಕೋಶದ ಪೊರೆಯನ್ನು ದಾಟಲಾರದು. 1981ರಲ್ಲಿ ತ್ಸಿಯೆನ್ ಅದಕ್ಕೆ ಒಂದು ಮುಸುಕು ಹೊದಿಸಿದರು. ಆವೇಶ ಮರೆಯಾಗಿ ಅಣು ಒಳಹೊಕ್ಕಿತು. ಒಳಗೆ ಕೋಶದ ಕಿಣ್ವಗಳೇ ಮುಸುಕನ್ನು ಕತ್ತರಿಸಿದವು. ಅಣು ಅಲ್ಲೇ ಉಳಿದು ಕೆಲಸ ಮಾಡಿತು. ಕೋಶಕ್ಕೆ ಸೂಜಿ ಚುಚ್ಚಬೇಕಾಗಲಿಲ್ಲ.

ಇನ್ನೊಂದು ತೊಡಕಿತ್ತು. ಮೊದಲ ಬಣ್ಣಗಳ ಹೊಳಪು ಮಂದ, ಹಾಗಾಗಿ ಹೆಚ್ಚು ಹಾಕಬೇಕು. ಹೆಚ್ಚಾದರೆ ಬಣ್ಣವೇ ಕ್ಯಾಲ್ಸಿಯಂ ಅನ್ನು ಹೀರಿಕೊಂಡು ಲೆಕ್ಕ ಕೆಡಿಸುತ್ತದೆ. 1985ರಲ್ಲಿ ಬಂದ ಫುರಾ-2 ಹೆಚ್ಚು ಪ್ರಕಾಶಮಾನವಾಗಿತ್ತು. ಅದಕ್ಕೆ 340 ಮತ್ತು 380 ನ್ಯಾನೊಮೀಟರ್‌ನ ಬೆಳಕನ್ನು ಸರದಿಯಂತೆ ಹಾಯಿಸಿ, ಎರಡು ಹೊಳಪುಗಳ ಅನುಪಾತ ನೋಡುತ್ತಾರೆ. ಬಣ್ಣ ಹೆಚ್ಚು ಕಡಿಮೆಯಾದರೂ ಅನುಪಾತ ಮೋಸ ಮಾಡುವುದಿಲ್ಲ. ಏಳನೇ ತರಗತಿಯ ಅನುಪಾತದ ಲೆಕ್ಕ ಎಲ್ಲಿಗೆ ತಲುಪಿತು ನೋಡಿ!

ಬಾಲ್ಯದಲ್ಲಿ ಅಸ್ತಮಾ ಇದ್ದುದರಿಂದ ತ್ಸಿಯೆನ್ ಮನೆಯಲ್ಲೇ ರಸಾಯನದ ಪ್ರಯೋಗ ಮಾಡುತ್ತಿದ್ದರು. ಮುಂದೆ, ಹೊಳೆಯುವ ಹಸಿರು ಪ್ರೋಟೀನಿನ ಕೆಲಸಕ್ಕಾಗಿ 2008ರ ರಸಾಯನಶಾಸ್ತ್ರದ ನೊಬೆಲ್ ಬಹುಮಾನವನ್ನು ಇನ್ನಿಬ್ಬರೊಂದಿಗೆ ಹಂಚಿಕೊಂಡರು. 2016ರಲ್ಲಿ ತೀರಿಕೊಂಡರು.

ಹೆತ್ತವರೇ, "ವಿಜ್ಞಾನ ನಮ್ಮಂಥವರಿಗಲ್ಲ" ಎಂದು ಎಸ್ಸೆಸ್ಸೆಲ್ಸಿ ಮುಗಿದೊಡನೆ ಮಕ್ಕಳನ್ನು, ಅದರಲ್ಲೂ ಹೆಣ್ಣುಮಕ್ಕಳನ್ನು ತಡೆಯಬೇಡಿ. ವಿದ್ಯಾರ್ಥಿಗಳೇ, ಉತ್ತರ ಬಾಯಿಪಾಠ ಮಾಡುವ ಮೊದಲು ಪ್ರಶ್ನೆಯನ್ನು ಅರ್ಥಮಾಡಿಕೊಳ್ಳಿ. ಜೀವಕ್ಕೆ ನೋವಾಗದಂತೆ ಅದರ ಗುಟ್ಟು ತಿಳಿಯುವ ಜಾಣ್ಮೆಯನ್ನು ಅಲ್ಲಾಹನು ನಿಮಗೆಲ್ಲ ಕರುಣಿಸಲಿ. ಆಮೀನ್.